ತೊಡಿ ಸಡ್ಲ ಬಿಡ್ರಿ

ಕಲ್ಲುಕಟ್ಟೆಯ ಮೇಲೆ ನಿಂತಿದ್ದೀರಿ. ಎದುರಿಗಿರುವುದು ಕುದುರೆಯ ಬೆನ್ನು, ಅದರ ಮೇಲೆ ಏನೂ ಇಲ್ಲ. ಜೀನಿಲ್ಲ, ಕಾಲೂರುವ ರಿಕಾಪಿಲ್ಲ, ಮಡಚಿ ಹಾಸಿದ ಕಂಬಳಿ ಕೂಡ ಇಲ್ಲ. ಯಲಹಂಕ ದಾಟಿದ ಮೇಲಿನ ಈ ಬಯಲಿನಲ್ಲಿ ಜನವರಿಯ ಬೆಳಗು ಈಗಷ್ಟೇ ಬಿಡುತ್ತಿದೆ. ನೀಲಗಿರಿ ತೋಪಿನ ಬುಡದಲ್ಲಿ ಮಂಜು ಇನ್ನೂ ಕದಲಿಲ್ಲ. ಲಾಯದ ಕಡೆಯಿಂದ ನೆನೆಸಿದ ಹುರುಳಿಯ ವಾಸನೆ, ಹಸಿ ಲದ್ದಿಯ ವಾಸನೆ, ಕುದುರೆ ನೋಡಿಕೊಳ್ಳುವ ಸೈಸ್ ಈಗತಾನೇ ಮೈ ಉಜ್ಜುವ ಖರಾರ ಎಳೆದು ಎಬ್ಬಿಸಿದ ಕೂದಲ ಧೂಳು ಎಲ್ಲ ಒಟ್ಟಿಗೇ ಮೂಗಿಗೆ ಬರುತ್ತವೆ. ಹೆಲ್ಮೆಟ್ಟಿನ ಪಟ್ಟಿ ಗದ್ದದ ಕೆಳಗೆ ಬಿಗಿಯಾಗಿದೆ. ಆದರೂ ಇನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತೀರಿ.

ಕುದುರೆ ಮಾರವಾಡಿ ತಳಿಯ ಹೆಣ್ಣು, ಕಂದು ಬಣ್ಣದವಳು, ವಯಸ್ಸಾದವಳು. ಮಾರವಾಡಿ ಕುದುರೆಗಳ ಕಿವಿಗಳು ಒಳಕ್ಕೆ ಬಾಗಿ ತುದಿಗೆ ತುದಿ ತಾಕುತ್ತವೆ. ಈಗ ಅವುಗಳಲ್ಲಿ ಒಂದು ಮುಂದಕ್ಕಿದೆ, ಇನ್ನೊಂದು ನಿಮ್ಮ ಕಡೆ ಹೊರಳಿದೆ. ನಿಮ್ಮ ಉಸಿರಿನ ವೇಗ ಅವಳಿಗೆ ಆಗಲೇ ಕೇಳಿಸುತ್ತಿದೆ.

"ಏರ್ರಿ" ಎನ್ನುತ್ತಾರೆ ಸವಾರಿ ಕಲಿಸುವ ಉಸ್ತಾದರು. "ಧಪ್ ಅಂತ ಕುಂದರಬ್ಯಾಡ್ರಿ ಮತ್ತ. ಹಗೂರಕ."

ಎಡಗೈಯಲ್ಲಿ ಜೂಲು ಹಿಡಿಯುತ್ತೀರಿ. ಒರಟು ಕೂದಲು, ಸ್ವಲ್ಪ ಜಿಡ್ಡು. ಹಿಡಿದರೆ ಅವಳಿಗೆ ನೋವಾಗುತ್ತದೇನೋ ಎಂಬ ಅಳುಕು ಬೇಡ. ಜೂಲಿನ ಬುಡ ಹಿಡಿದರೆ ಕುದುರೆ ತಲೆಯನ್ನೂ ಅಲ್ಲಾಡಿಸುವುದಿಲ್ಲ, ಬಾಯಲ್ಲಿರುವ ಕಡಿವಾಣವನ್ನು ಜಗ್ಗಿದರೆ ಮಾತ್ರ ಅವಳು ನಿಮ್ಮನ್ನು ನಂಬುವುದನ್ನು ನಿಲ್ಲಿಸುತ್ತಾಳೆ. ಹೊಟ್ಟೆಯನ್ನು ಅವಳ ಬೆನ್ನಿಗೆ ಅಡ್ಡಲಾಗಿ ಇಟ್ಟು, ಬಲಗಾಲನ್ನು ಅವಳ ಹಿಂಬದಿಗೆ ತಾಕದಂತೆ ಎತ್ತಿ ದಾಟಿಸಿ, ಮೆಲ್ಲನೆ ಇಳಿದು ಕೂರುತ್ತೀರಿ.

ಮೊದಲು ತಿಳಿಯುವುದು ಬಿಸಿ. ಆರೋಗ್ಯವಾಗಿರುವ ಕುದುರೆಯ ಮೈ 38 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಈ ಚಳಿಯಲ್ಲಿ ಆ ಬಿಸಿ ಪ್ಯಾಂಟಿನ ಬಟ್ಟೆಯನ್ನು ದಾಟಿ ನೇರವಾಗಿ ತೊಡೆಗೆ ಏರುತ್ತದೆ. ಎರಡನೆಯದು ನುಣುಪು. ಖರಾರ ಹಾಕಿ ಉಜ್ಜಿದ ಮೈಗೂದಲ ಮೇಲೆ ಬಟ್ಟೆಗೆ ಹಿಡಿತವೇ ಸಿಗುವುದಿಲ್ಲ. ಮೂರನೆಯದು, ಕೆಳಗಿರುವುದು ಜೀವ ಎಂಬುದು. ಅವಳು ಉಸಿರೆಳೆದಾಗ ಪಕ್ಕೆಗೂಡು ನಿಮ್ಮ ಎರಡೂ ಮೊಣಕಾಲುಗಳನ್ನು ಹೊರಕ್ಕೆ ದೂಡುತ್ತದೆ, ಬಿಟ್ಟಾಗ ಒಳಕ್ಕೆ ಕರೆದುಕೊಳ್ಳುತ್ತದೆ. ಅವಳ ಪಕ್ಕೆಗೆ ಒಂದು ನೊಣ ಬಂದು ಕೂತಿದೆ. ಅಷ್ಟು ಜಾಗದ ಚರ್ಮ ಮಾತ್ರ ಥಟ್ಟನೆ ನಡುಗಿ ನೊಣವನ್ನು ಎಬ್ಬಿಸುತ್ತದೆ. ನೊಣದ ಭಾರ ತಿಳಿಯುವ ಬೆನ್ನಿಗೆ ನಿಮ್ಮ ಭಾರದಲ್ಲಿ ಏನೇನು ತಿಳಿಯುತ್ತಿರಬಹುದು, ಯೋಚಿಸಿ.

"ಹಿಂದ ಸರ್ದೀರಿ. ಮುಂದ ಬರ್ರಿ."

ಹೌದು, ಗಾಬರಿಯಲ್ಲಿ ಹಿಂದಕ್ಕೆ ಜಾರಿದ್ದೀರಿ. ಕೂರುವ ಜಾಗ ಹೆಗಲ ದಿಣ್ಣೆಯ ಹಿಂದೆಯೇ ಇದೆ, ಬೆನ್ನು ಅತ್ಯಂತ ತಗ್ಗಾಗಿರುವಲ್ಲಿ. ಅಲ್ಲಿ ಕೆಳಗೆ ಪಕ್ಕೆಲುಬುಗಳ ಆಸರೆ ಇದೆ. ಇನ್ನೂ ಹಿಂದಕ್ಕೆ, ಸೊಂಟದ ಕಡೆ, ಪಕ್ಕೆಲುಬೇ ಇಲ್ಲ. ಅಲ್ಲಿ ಕೂತವರ ಭಾರವನ್ನು ಬೆನ್ನೆಲುಬೊಂದೇ ಹೊರಬೇಕು. ಎರಡೂ ಅಂಗೈ ಅವಳ ಹೆಗಲ ಮೇಲೆ ಊರಿ, ತುಸು ಎದ್ದು, ಮುಂದಕ್ಕೆ ಬರುತ್ತೀರಿ. ಈಗ ನಿಮ್ಮ ಪೃಷ್ಠದ ಎರಡು ಎಲುಬುಗಳು ಅವಳ ಬೆನ್ನೆಲುಬಿನ ಎಡಕ್ಕೊಂದು ಬಲಕ್ಕೊಂದು ಕೂತಿವೆ. ಜೀನಿನ ಮೇಲೆ ವರ್ಷಗಟ್ಟಲೆ ಕೂತವರಿಗೂ ಈ ಎಲುಬುಗಳು ತಮಗಿವೆ ಎಂಬುದು ಗೊತ್ತಿರುವುದಿಲ್ಲ. ಇಲ್ಲಿ ಮೊದಲ ನಿಮಿಷಕ್ಕೇ ಗೊತ್ತಾಗುತ್ತದೆ.

ಆದರೆ ಮೊಣಕಾಲು ಮೇಲೆದ್ದಿದೆ, ಪಾದ ಮುಂದಕ್ಕೆ ಚಾಚಿದೆ. ಕುರ್ಚಿಯ ಮೇಲೆ ಕೂತಿದ್ದೀರಿ ನೀವು, ಕುದುರೆಯ ಮೇಲಲ್ಲ. ಉಸ್ತಾದರು ಹತ್ತಿರ ಬಂದು ನಿಮ್ಮ ಕಣಕಾಲು ಹಿಡಿದು, ಇಡೀ ಕಾಲನ್ನು ಸೊಂಟದಿಂದ ಕೆಳಕ್ಕೂ ಹಿಂದಕ್ಕೂ ಇಳಿಸುತ್ತಾರೆ. ತೊಡೆಯ ಒಳಭಾಗ ಚುರ್ರೆನ್ನುತ್ತದೆ. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಗೆ ಬರುತ್ತವೆ. ಈ ಕ್ಷಣ ಯಾರಾದರೂ ಕುದುರೆಯನ್ನು ನಿಮ್ಮ ಕೆಳಗಿನಿಂದ ಎಳೆದುಕೊಂಡರೆ ನೀವು ನೆಲದ ಮೇಲೆ ನಿಂತಿರಬೇಕು, ಕುಕ್ಕರಿಸಿ ಬೀಳಬಾರದು. ಸುಮಾರು 2400 ವರ್ಷಗಳ ಹಿಂದೆ ಗ್ರೀಸಿನ ಕ್ಸೆನೊಫನ್ ಕುದುರೆ ಸವಾರಿಯ ಬಗ್ಗೆ ಬರೆದಾಗ ಹೇಳಿದ್ದು ಇದನ್ನೇ: ಬರಿ ಬೆನ್ನಿನ ಮೇಲಾಗಲಿ ಬಟ್ಟೆಯ ಮೇಲಾಗಲಿ, ಕುರ್ಚಿಯಲ್ಲಿ ಕೂತವರ ಹಾಗಲ್ಲ, ಕಾಲಗಲಿಸಿ ನೆಟ್ಟಗೆ ನಿಂತವರ ಹಾಗೆ ಕೂರಬೇಕು. ಅವನ ಕಾಲದ ಸವಾರರು ರಿಕಾಪನ್ನು ಕಂಡವರೇ ಅಲ್ಲ. ಯುರೋಪಿಗೆ ರಿಕಾಪು ಬಂದದ್ದು ಅವನ ಕಾಲವಾಗಿ ಸುಮಾರು ಸಾವಿರ ವರ್ಷಗಳ ಮೇಲೆ. ಅವರು ಹೀಗೇ ಕೂತು ಈಟಿ ಎಸೆಯುತ್ತಿದ್ದರು.

ಲಗಾಮು ನಿಮ್ಮ ಕೈಗೆ ಕೊಟ್ಟಿಲ್ಲ. ಅವಳ ಮೂಗುಪಟ್ಟಿಗೆ ಕಟ್ಟಿದ ಉದ್ದನೆಯ ಹಗ್ಗದ ಇನ್ನೊಂದು ತುದಿ ಉಸ್ತಾದರ ಕೈಯಲ್ಲಿದೆ. ಅವಳು ತಿರುಗುವ ಸುತ್ತಿನ ನಡುವೆ ಅವರು ನಿಂತಿದ್ದಾರೆ, ನಿಮ್ಮ ಎಡಕ್ಕೆ. ನಾಲಿಗೆಯಿಂದ ಒಮ್ಮೆ ಲೊಚಗುಟ್ಟುತ್ತಾರೆ. ಬೆನ್ನು ಚಲಿಸುತ್ತದೆ.

ಕೈ ತಾನಾಗಿ ಜೂಲಿಗೆ ಹೋಗುತ್ತದೆ. ಹೋಗಲಿ, ಹಿಡಿದುಕೊಳ್ಳಿ. ಕಣ್ಣು ಅವಳ ಕತ್ತಿನ ಮೇಲೆ ನೆಟ್ಟಿದೆ. ಅದು ಮಾತ್ರ ಬೇಡ. ನಿಮ್ಮ ತಲೆಯ ತೂಕ ನಾಲ್ಕೈದು ಕಿಲೋ. ಅದು ಮುಂದಕ್ಕೆ ಬಾಗಿದರೆ ಭುಜ ಬಾಗುತ್ತದೆ, ಸೊಂಟ ಹಿಂದಕ್ಕೆ ಜರುಗುತ್ತದೆ, ಕಾಲು ಮೇಲೆ ಬರುತ್ತದೆ. ತಲೆಯೆತ್ತಿ ದೂರದ ನೀರಿನ ಟ್ಯಾಂಕನ್ನು ನೋಡುತ್ತೀರಿ. ಅಷ್ಟರಿಂದಲೇ ಬೆನ್ನು ನೆಟ್ಟಗಾಗುತ್ತದೆ.

"ಕಣ್ಣ ಮುಚ್ರಿ. ಯಾವ ಹಿಂಗಾಲು ಮುಂದ ಬರಾಕತ್ತೇತಿ, ಹೇಳ್ರಿ."

ಕಣ್ಣು ಮುಚ್ಚುವುದೆಂದರೆ ಈಗ ದೊಡ್ಡ ನಿರ್ಧಾರ. ಮುಚ್ಚುತ್ತೀರಿ. ಕತ್ತಲಲ್ಲಿ ಗೊರಸಿನ ಸದ್ದು ನಾಲ್ಕು ಬಿಡಿ ಪೆಟ್ಟಾಗಿ ಕೇಳುತ್ತದೆ, ಒದ್ದೆ ಮಣ್ಣಿನ ಮೇಲೆ ಮಂದವಾಗಿ. ಕೆಳಗೆ ಏನೋ ಎಡಕ್ಕೂ ಬಲಕ್ಕೂ ತೂಗುತ್ತಿದೆ. ಮೊದಮೊದಲು ಅದು ಬರೀ ಗೊಂದಲ. ಆಮೇಲೆ ಒಂದು ಕ್ರಮ ಹೊಳೆಯುತ್ತದೆ. ಎಡ ಹಿಂಗಾಲು ಎದ್ದು ಮುಂದೆ ಬರುವಾಗ ಅದಕ್ಕೆ ಜಾಗ ಬಿಡಲು ಅವಳ ಹೊಟ್ಟೆ ಬಲಕ್ಕೆ ಸರಿಯುತ್ತದೆ. ಆಗ ನಿಮ್ಮ ಎಡ ಎಲುಬಿನ ಕೆಳಗಿನ ಬೆನ್ನು ತಗ್ಗುತ್ತದೆ, ನಿಮ್ಮ ಸೊಂಟದ ಎಡಬದಿ ಇಳಿಯುತ್ತದೆ. ಬಲಗಾಲು ಬಂದಾಗ ಬಲಬದಿ. "ಎಡ" ಎನ್ನುತ್ತೀರಿ. "ಬಲ. ಎಡ. ಬಲ." ಉಸ್ತಾದರು ಏನೂ ಹೇಳುವುದಿಲ್ಲ. ಎಂದರೆ ಸರಿಯಿದೆ. ನೀವು ಸೊಂಟವನ್ನು ಅಲ್ಲಾಡಿಸುತ್ತಿಲ್ಲ, ಅವಳು ಅಲ್ಲಾಡಿಸುವುದನ್ನು ತಡೆಯುತ್ತಿಲ್ಲ ಅಷ್ಟೇ. ಇಡೀ ಸವಾರಿಯಲ್ಲಿ ಇದಕ್ಕಿಂತ ಮುಖ್ಯವಾದ ಪಾಠವಿದೆ ಎಂದು ನನಗನಿಸುವುದಿಲ್ಲ. ಈ ತೂಗುವಿಕೆ ಮೈಗೆ ಹತ್ತದವರು ಮುಂದೆ ಏನು ಕಲಿತರೂ ಕುದುರೆಯ ಮೇಲಿನ ಮೂಟೆಯಾಗಿಯೇ ಉಳಿಯುತ್ತಾರೆ.

ಕೈ ಬಿಡಿಸುತ್ತಾರೆ. ಎರಡೂ ತೋಳು ಅಗಲಕ್ಕೆ. ಬಲಗೈ ಆಕಾಶಕ್ಕೆ. ಬಲಗೈ ಹಿಂದಕ್ಕೆ ತಿರುಗಿ ಬಾಲದ ಬುಡಕ್ಕೆ, ಎಡಗೈ ಮುಂದೆ ಬಾಗಿ ಕಿವಿಯ ಬುಡಕ್ಕೆ. ಒಂದೊಂದು ಸಲವೂ ಎದೆಯಲ್ಲಿ ಏನೋ ಜಗ್ಗುತ್ತದೆ, ಒಂದೊಂದು ಸಲವೂ ಸೊಂಟ ಇದ್ದಲ್ಲೇ ಇರುತ್ತದೆ. ನಡುವೆ ಉಸ್ತಾದರು ಮಾತಾಡುತ್ತಾರೆ, ನಿಮ್ಮ ಹೆದರಿಕೆಯನ್ನು ಬೇರೆಡೆಗೆ ಸೆಳೆಯಲು. ಅವರು 61ನೇ ಕ್ಯಾವಲ್ರಿಯಲ್ಲಿ ದಫೇದಾರರಾಗಿದ್ದವರು. 1953ರಲ್ಲಿ ಸಂಸ್ಥಾನಗಳ ಅಶ್ವದಳಗಳನ್ನು ಕೂಡಿಸಿ ಕಟ್ಟಿದ ಆ ರೆಜಿಮೆಂಟಿನಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಬೆರೆತಿದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಪಟ್ಟಣದ ಮೇಲೆ ಕುದುರೆ ಏರಿ ನುಗ್ಗಿದ್ದು ಇದೇ ಮೈಸೂರಿನವರು. "ಬಂದೂಕ ಹಾರಸಾಕತ್ತಾರ, ಕೈಯಾಗ ಭರ್ಚಿ" ಎನ್ನುತ್ತಾರೆ ಉಸ್ತಾದರು. "ಅವಾಗ ಲಗಾಮ ಹಿಡದು ಜೋತಾಡಾಕ ಆಗ್ತೇತೇನ್ರಿ?" ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನಲ್ಲೂ ಹೊಸಬರನ್ನು ಜೀನಿನ ಮೇಲೆ ಕೂರಿಸಿದರೂ ರಿಕಾಪು, ಲಗಾಮು ಎರಡನ್ನೂ ಕೊಡದೆ, ಹೀಗೇ ಹಗ್ಗದ ಸುತ್ತಿನಲ್ಲಿ ಬಹುಕಾಲ ತಿರುಗಿಸುತ್ತಾರೆ.

"ಈಗ ಟ್ರಾಟ್."

ಬೇಡ ಎನ್ನಬಹುದು. ಉಸ್ತಾದರು ಒತ್ತಾಯ ಮಾಡುವವರಲ್ಲ. ನಾಲಿಗೆ ಒಣಗಿದೆ. ತಲೆಯಾಡಿಸುತ್ತೀರಿ.

ನಡಿಗೆಯಲ್ಲಿ ಅವಳ ಒಂದಲ್ಲ ಒಂದು ಗೊರಸು ಸದಾ ನೆಲದ ಮೇಲಿತ್ತು. ಟ್ರಾಟಿನಲ್ಲಿ ಮೂಲೆಗೆ ಮೂಲೆಯ ಕಾಲುಗಳು ಜೋಡಿಯಾಗಿ ಬೀಳುತ್ತವೆ, ಎರಡೇ ಪೆಟ್ಟು, ಆ ಎರಡರ ನಡುವೆ ನಾಲ್ಕೂ ಕಾಲು ಗಾಳಿಯಲ್ಲಿರುವ ಒಂದು ಕ್ಷಣ. ಆ ಕ್ಷಣದಲ್ಲಿ ಅವಳು ನಿಮ್ಮನ್ನು ಮೇಲಕ್ಕೆ ಎಸೆಯುತ್ತಾಳೆ. ನೀವು ಇಳಿಯುವಷ್ಟರಲ್ಲಿ ಬೆನ್ನು ಮತ್ತೆ ಏರಿ ಬರುತ್ತದೆ. ಹಲ್ಲು ಹಲ್ಲಿಗೆ ಬಡಿಯುತ್ತದೆ. ನಾಲ್ಕನೇ ಹೆಜ್ಜೆಗೆ ಒಂದು ಬೆರಳಿನಷ್ಟು ಬಲಕ್ಕೆ ಸರಿದಿದ್ದೀರಿ, ಆರನೆಯದಕ್ಕೆ ಮೂರು ಬೆರಳು. ಮೊಣಕಾಲು ಬಿಗಿಯುತ್ತದೆ. ತೊಡೆ ಬಿಗಿಯುತ್ತದೆ. ಒದ್ದೆ ಕೈಯಲ್ಲಿ ಹಿಂಡಿದ ಮಾವಿನ ಓಟೆ ಪುಳಕ್ಕನೆ ಮೇಲಕ್ಕೆ ಚಿಮ್ಮುವ ಹಾಗೆ, ಬಿಗಿದಷ್ಟೂ ನೀವು ಅವಳ ದುಂಡು ಬೆನ್ನಿನಿಂದ ಮೇಲಕ್ಕೇ ಏಳುತ್ತೀರಿ. ಇನ್ನಷ್ಟು ಬಿಗಿಯುತ್ತೀರಿ. ಮೀನಖಂಡ ಅವಳ ಪಕ್ಕೆಯನ್ನು ಒತ್ತುತ್ತದೆ. ಕುದುರೆಗೆ ಆ ಒತ್ತಿನ ಅರ್ಥ ಒಂದೇ: ಬೇಗ ಹೋಗು. ಅವಳು ಬೇಗ ಹೋಗುತ್ತಾಳೆ.

"ತೊಡಿ ಸಡ್ಲ ಬಿಡ್ರಿ!"

ಸಡಿಲ ಬಿಟ್ಟರೆ ಬೀಳುತ್ತೇನೆ ಎಂದು ಮೈಯ ಒಂದೊಂದು ನರವೂ ಹೇಳುತ್ತಿದೆ. ಹೆದರಿದಾಗ ಮನುಷ್ಯನ ಮೈ ಮುದುಡಿಕೊಳ್ಳುತ್ತದೆ. ಹೊಟ್ಟೆ ಒಳಕ್ಕೆ, ಭುಜ ಮುಂದಕ್ಕೆ, ಮಂಡಿ ಮೇಲಕ್ಕೆ. ಮರದ ಕೊಂಬೆಯ ಮೇಲಿದ್ದಾಗ ಅದು ನಮ್ಮ ಪೂರ್ವಜರ ಜೀವ ಉಳಿಸಿರಬಹುದು. ಕುದುರೆಯ ಮೇಲೆ ಅದೇ ಕೆಡವುತ್ತದೆ. ಇದು ಬುದ್ಧಿಗೆ ತಿಳಿದರೆ ಸಾಲದು, ತೊಡೆಗೆ ತಿಳಿಯಬೇಕು. ಅದಕ್ಕೇ ಇಷ್ಟು ಕಷ್ಟ.

"ಏಳರ ಮಗ್ಗಿ ಹೇಳ್ರಿ! ಜೋರಾಗಿ!"

ಏಳೊಂದ್ಲ ಏಳು. ದನಿ ಅದುರುತ್ತದೆ. ಏಳೆರಡ್ಲ ಹದಿನಾಲ್ಕು. ಮಗ್ಗಿ ಹೇಳಬೇಕಾದರೆ ಉಸಿರು ಬಿಡಲೇಬೇಕು, ಉಸಿರು ಬಿಟ್ಟರೆ ಪಕ್ಕೆಲುಬು ಇಳಿಯುತ್ತದೆ, ಹೊಟ್ಟೆ ಇಳಿಯುತ್ತದೆ, ಅದರ ಹಿಂದೆಯೇ ಸೊಂಟ ಬಿಟ್ಟುಕೊಡುತ್ತದೆ. ಏಳು ಮೂರ್ಲ ಇಪ್ಪತ್ತೊಂದು. ಮೊಣಕಾಲು ತುಸು ಬಿಚ್ಚುತ್ತದೆ, ಕಾಲು ತನ್ನ ಭಾರಕ್ಕೆ ತಾನು ಕೆಳಗಿಳಿಯುತ್ತದೆ. ಇಳಿದ ಕಾಲಿನ ಭಾರವೇ ನಿಮ್ಮನ್ನು ಬೆನ್ನಿಗೆ ಅಂಟಿಸುತ್ತದೆ. ಎಡ ಎಲುಬನ್ನು ಹುಡುಕಿ ಅದರ ಮೇಲೆ ಭಾರ ಬಿಡುತ್ತೀರಿ. ಮಧ್ಯಕ್ಕೆ ಬರುತ್ತೀರಿ. ಮೂರು ಹೆಜ್ಜೆ, ನಾಲ್ಕು ಹೆಜ್ಜೆ, ಕುಲುಕಾಟವೇ ಇಲ್ಲ. ಅವಳ ಬೆನ್ನು ಎದ್ದಾಗ ನಿಮ್ಮ ನಡು ಮಡಚಿ ಅದನ್ನು ನುಂಗಿಕೊಳ್ಳುತ್ತದೆ. ಐದನೆಯದಕ್ಕೆ ಮತ್ತೆ ತಪ್ಪುತ್ತದೆ.

"ಹೋ... ನಡಿಗಿ."

ಆ ಐದನೇ ಹೆಜ್ಜೆಗೇ ನಿಲ್ಲಿಸುವುದರಲ್ಲಿ ಉಸ್ತಾದರ ಜಾಣತನವಿದೆ. ಕುಲುಕಾಟದಲ್ಲಿ ಹತ್ತು ಸುತ್ತು ಹಾಕಿದವರು ಕುಲುಕಾಟವನ್ನೇ ಕಲಿಯುತ್ತಾರೆ. ನಾಲ್ಕು ಒಳ್ಳೆಯ ಹೆಜ್ಜೆ, ನಡಿಗೆ, ಉಸಿರು. ಮತ್ತೆ ಆರು ಒಳ್ಳೆಯ ಹೆಜ್ಜೆ, ನಡಿಗೆ. ಸುತ್ತಿನ ದಿಕ್ಕು ಬದಲು. ಬಲದ ಸುತ್ತಿನಲ್ಲಿ ನೀವು ಇನ್ನೊಬ್ಬರೇ ಆಗಿಬಿಡುತ್ತೀರಿ, ಎಡ ಭುಜ ಕುಸಿದಿದೆ, ಬಲ ಎಲುಬು ಸಿಗುತ್ತಲೇ ಇಲ್ಲ. ಎಲ್ಲರಿಗೂ ಒಂದು ಬದಿ ಗಟ್ಟಿ, ಇನ್ನೊಂದು ಸೊರಗಿದ್ದು. ಜೀನು ಅದನ್ನು ಮುಚ್ಚಿಡುತ್ತದೆ, ಬರಿ ಬೆನ್ನು ಬಯಲು ಮಾಡುತ್ತದೆ.

ಹಗ್ಗ ಬಿಚ್ಚುತ್ತಾರೆ. ಲಗಾಮು ನಿಮ್ಮ ಕೈಗೆ ಬರುತ್ತದೆ. ಎಡಗೈಯ ಒಂದು ಬೆರಳು ಅವಳ ಕತ್ತಿನ ಪಟ್ಟಿಯಲ್ಲಿ ಇರಲಿ ಎನ್ನುತ್ತಾರೆ. ದೊಡ್ಡ ಸುತ್ತು, ಬೇಲಿಯ ಪಕ್ಕದಲ್ಲಿ, ನಡಿಗೆ ಮಾತ್ರ. ಬಲಕ್ಕೆ ಬೇಲಿ, ಬೇಲಿಯಾಚೆ ಲಂಟಾನದ ಪೊದೆ. ಬಿಸಿಲು ಬಂದಿದೆ. ಮಂಜು ಕರಗಿದ ಮಣ್ಣಿನ ವಾಸನೆ. ಸೊಂಟ ತನ್ನಷ್ಟಕ್ಕೆ ತೂಗುತ್ತಿದೆ, ನೀವು ಎಡ ಬಲ ಎಣಿಸುವುದನ್ನೂ ಬಿಟ್ಟಿದ್ದೀರಿ.

ಅವಳ ಕತ್ತು ಗಟ್ಟಿಯಾಗುತ್ತದೆ. ಎರಡೂ ಕಿವಿ ಬಲಕ್ಕೆ. ನಿಮಗೆ ಏನೂ ಕಂಡಿಲ್ಲ.

ಪೊದೆ ಒಡೆಯುತ್ತದೆ. ನವಿಲು. ರೆಕ್ಕೆಯ ಬಡಿತ, ಕೂಗು, ನೀಲಿಯ ಒಂದು ರಾಶಿ ಬೇಲಿಯ ಮೇಲೇ. ಅವಳು ಎಡಕ್ಕೆ ಹಾರುತ್ತಾಳೆ. ನೀವು ಎಲ್ಲಿದ್ದಿರೋ ಅಲ್ಲೇ ಉಳಿಯುತ್ತೀರಿ, ಕೆಳಗೆ ಬೆನ್ನಿಲ್ಲ. ಬಲಕ್ಕೆ ಜಾರುತ್ತೀರಿ. ಎಡ ಹಿಮ್ಮಡಿ ಅವಳ ಪಕ್ಕೆಗೆ ಸಿಕ್ಕಿಕೊಂಡಿದೆ. ಅವಳಿಗೆ ಅದು ಚುಚ್ಚು. ಓಟ. ಮೂರು ಪೆಟ್ಟಿನ ಕ್ಯಾಂಟರ್, ಗಾಳಿ, ಮಣ್ಣು, ನಿಮ್ಮದೇ ಉಸಿರಿನ ಸದ್ದು ಹೆಲ್ಮೆಟ್ಟಿನೊಳಗೆ.

ಈಗ ಎರಡೇ ದಾರಿ. ಇಳಿಯುವುದು ಒಂದು. ನಿಂತ ಕುದುರೆಯಿಂದ, ನಡೆಯುವ ಕುದುರೆಯಿಂದ ಹಾರಿ ಇಳಿಯುವುದನ್ನು ಈ ಸುತ್ತಿಗೆ ಬಿಡುವ ಮೊದಲೇ ಉಸ್ತಾದರು ಹತ್ತಾರು ಸಲ ಮಾಡಿಸಿದ್ದಾರೆ: ಲಗಾಮು ಬಿಡು, ಹೊರಕ್ಕೆ ನೂಕಿಕೋ, ಮಂಡಿ ಮಡಚಿ ನೆಲಕ್ಕೆ ಬಾ. ಸೊಂಟ ಅವಳ ಬೆನ್ನೆಲುಬನ್ನು ದಾಟಿ ಪಕ್ಕೆಗೆ ಬಂದಿದ್ದರೆ ಅದೇ ಸರಿ. ಜೋತಾಡಿ ಗೊರಸಿನ ಕೆಳಗೆ ಹೋಗುವುದಕ್ಕಿಂತ ದೂರಕ್ಕೆ ಬೀಳುವುದು ಮೇಲು. ಇನ್ನೊಂದು, ಉಳಿಯುವುದು. ಎಡ ಎಲುಬು ಇನ್ನೂ ಬೆನ್ನನ್ನು ಬಿಟ್ಟಿಲ್ಲ. ಅದರ ಅಂಚು ನಿಮಗೆ ತಿಳಿಯುತ್ತಿದೆ.

ಉಳಿಯುತ್ತೀರಿ.

ಬೆರಳು ಕತ್ತಿನ ಪಟ್ಟಿಯಲ್ಲಿದೆ. ಎಳೆಯುತ್ತೀರಿ, ಅವಳ ಬಾಯನ್ನಲ್ಲ, ನಿಮ್ಮನ್ನೇ. ಉಸಿರು ಬಿಡಿ. ಬಿಡುತ್ತೀರಿ. ಕೂಗಾಗಿ ಹೊರಬರುತ್ತದೆ, ಪರವಾಗಿಲ್ಲ. ತೊಡೆ ಬಿಡಿ. ಬಿಡುತ್ತೀರಿ, ಹಿಮ್ಮಡಿ ಪಕ್ಕೆಯಿಂದ ಕಳಚುತ್ತದೆ, ಚುಚ್ಚು ನಿಲ್ಲುತ್ತದೆ. ಭುಜ ಹಿಂದಕ್ಕೆ. ಎಡಕ್ಕೆ ಭಾರ. ಕಣ್ಣು ಎಡಕ್ಕೆ, ಅಂಗಳದ ನಡುವೆ ನಿಂತ ಉಸ್ತಾದರ ಕಡೆಗೆ. ಎಡ ಲಗಾಮು ತೆರೆದು ಅವಳನ್ನು ಒಳಕ್ಕೆ ಕರೆಯುತ್ತೀರಿ. ಜಗ್ಗಬೇಡಿ, ಕರೆಯಿರಿ. ಕತ್ತು ಬಾಗುತ್ತದೆ. ಸುತ್ತು ಕಿರಿದಾಗುತ್ತದೆ. ಕಿರಿದಾದ ಸುತ್ತಿನಲ್ಲಿ ಕುದುರೆಗೆ ಓಡುವುದು ಕಷ್ಟ. ಕ್ಯಾಂಟರ್ ಮುರಿದು ಟ್ರಾಟ್, ಒಂದು ಕುಲುಕು, ಎರಡು ಕುಲುಕು, ನಡಿಗೆ.

ಅವಳು ನಿಂತು ಮೂಗಿನಿಂದ ಜೋರಾಗಿ ಗಾಳಿ ಬಿಡುತ್ತಾಳೆ. ತಲೆ ತಗ್ಗಿಸುತ್ತಾಳೆ. ಅವಳ ಎದೆಬಡಿತ ನಿಮ್ಮ ಮೀನಖಂಡಕ್ಕೆ ಕೇಳುತ್ತಿದೆ. ಅವಳದು ಕೆಟ್ಟತನವಲ್ಲ. ಹುಲ್ಲು ತಿನ್ನುವ ಪ್ರಾಣಿ ಮೊದಲು ಓಡುತ್ತದೆ, ಆಮೇಲೆ ತಿರುಗಿ ನೋಡುತ್ತದೆ. ಕಾಡಿನಲ್ಲಿ ಮೊದಲು ನೋಡಲು ನಿಂತವು ಉಳಿಯಲಿಲ್ಲ. ಅಂಥ ಪ್ರಾಣಿ ಬೆನ್ನಿನ ಮೇಲೆ ನಿಮ್ಮನ್ನು ಕೂರಿಸಿಕೊಂಡಿದೆ ಎಂಬುದೇ ಸಣ್ಣ ಮಾತಲ್ಲ.

"ಛಲೋ ಕುಂತ್ರಿ" ಎನ್ನುತ್ತಾರೆ ಉಸ್ತಾದರು, ಅವಳ ಮೂಗು ಸವರುತ್ತ. "ಸಾಕು, ಇಳೀರಿ."

ತೊಡೆಯ ಒಳಸ್ನಾಯುಗಳು ನಡುಗುತ್ತಿವೆ, ಆದರೂ ಇನ್ನೊಂದು ಸುತ್ತು ಬೇಕೆನಿಸುತ್ತದೆ. ಕೇಳುತ್ತೀರಿ. ಅವರು ಒಪ್ಪುವುದಿಲ್ಲ. ಜೀನಿನೊಳಗೆ ಮರದ್ದೋ ಲೋಹದ್ದೋ ಚೌಕಟ್ಟಿರುತ್ತದೆ, ಅದು ಸವಾರನ ಭಾರವನ್ನು ಬೆನ್ನಿನ ಉದ್ದಕ್ಕೂ ಹರಡುತ್ತದೆ. ಚೌಕಟ್ಟಿಲ್ಲದ ಮೇಲೆ ಅಷ್ಟೂ ಭಾರ ನಿಮ್ಮ ಆ ಎರಡು ಎಲುಬುಗಳ ಕೆಳಗೆ, ಅವಳ ಬೆನ್ನೆಲುಬಿನ ಎರಡು ಬದಿಯ ಮಾಂಸದ ಮೇಲೆ, ಒಂದೇ ಕಡೆ ಬೀಳುತ್ತದೆ. ನಿಮ್ಮ ಕುಲುಕಾಟವನ್ನೆಲ್ಲ ತಿಂದದ್ದೂ ಆ ಮಾಂಸವೇ. ಸಿನಿಮಾದಲ್ಲಿ ನಾಯಕ ಬರಿ ಬೆನ್ನೇರಿ ಮೈಲುಗಟ್ಟಲೆ ಓಡಿಸುವುದನ್ನು ನೋಡಿ ಹುಮ್ಮಸ್ಸು ಪಡುವವರು ಆ ಕುದುರೆಯ ಬೆನ್ನನ್ನು ಮರುದಿನ ಮುಟ್ಟಿ ನೋಡಬೇಕು. ಬರಿ ಬೆನ್ನಿನ ಸವಾರಿಗೆಂದು ಮಾರುವ ಮೆತ್ತೆಗಳಿಗೆ ಕೆಲವರು ರಿಕಾಪು ತೂಗುಹಾಕುತ್ತಾರೆ, ಅದು ಇನ್ನೂ ಕೆಟ್ಟದ್ದು. ಕಾಲೂರಿದಾಗ ಎರಡು ಪಟ್ಟಿಗಳು ನೇರವಾಗಿ ಬೆನ್ನೆಲುಬನ್ನೇ ಒತ್ತುತ್ತವೆ, ಮೆತ್ತೆಯೂ ಪಕ್ಕಕ್ಕೆ ಹೊರಳುತ್ತದೆ.

ಇಳಿಯುತ್ತೀರಿ. ಮಂಡಿ ಮಡಚಿ, ಎರಡೂ ಪಾದ ಒಟ್ಟಿಗೆ. ನೆಲ ಒಂದು ಕ್ಷಣ ತೂಗಿದಂತಾಗುತ್ತದೆ. ಉಸ್ತಾದರು ಹೆಗಲ ದಿಣ್ಣೆಯಿಂದ ಸೊಂಟದವರೆಗೆ ಬೆನ್ನೆಲುಬಿನ ಎರಡೂ ಬದಿಯನ್ನು ಬೆರಳ ತುದಿಯಿಂದ ಒತ್ತುತ್ತ ಹೋಗುತ್ತಾರೆ, ಕಣ್ಣು ಮಾತ್ರ ಅವಳ ಕಿವಿಯ ಮೇಲೆ. ಕಿವಿ ಹಿಂದಕ್ಕೆ ಮಡಚಲಿಲ್ಲ, ಬೆನ್ನು ಕುಗ್ಗಲಿಲ್ಲ. ನಿಮ್ಮ ಕೈಯನ್ನೂ ಹಿಡಿದು ಅಲ್ಲಿಡಿಸುತ್ತಾರೆ.

ಸವಾರಿ ಕಲಿಯಲು ಎಲ್ಲೇ ಹೋಗಿ, ಕಲಿಸುವವರನ್ನು ಕೇಳಿ: ರಿಕಾಪಿಗೆ ಕಾಲು ಕೊಡುವ ಮೊದಲು, ದುಂಡು ಬೆನ್ನಿನ ಶಾಂತ ಕುದುರೆಯ ಮೇಲೆ, ಹಗ್ಗದ ಸುತ್ತಿನಲ್ಲಿ, ಜೀನಿಲ್ಲದೆ ಕೂರಿಸುತ್ತೀರಾ ಎಂದು. ಹೆಲ್ಮೆಟ್ ಇಲ್ಲದೆ ಏರಬೇಡಿ, ಒಬ್ಬರೇ ಏರಬೇಡಿ. ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಇಳಿದ ಮೇಲೆ ಬೆನ್ನನ್ನು ನೀವೇ ಒತ್ತಿ ನೋಡಿ. ಅದು ನಿಮ್ಮ ಬೆರಳಿನ ಕೆಳಗೆ ಕುಗ್ಗಿ ಸರಿದರೆ, ಪಶುವೈದ್ಯರು ನೋಡಿ ಸರಿಯಿದೆ ಎನ್ನುವವರೆಗೆ ಆ ಕುದುರೆಯನ್ನು ಏರಬೇಡಿ.